‘ನರ ಒತ್ಯದ’ ಅಂದ್ರ ಯಾವ ನರ? ಕಮಾನು, ಧಮನಿ, ಲಿಗಮೆಂಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ್ರಿ. ಒಂದು ಪದ ಕೇಳೋಣ ಅಂತ ಬರೀಲಿಕ್ಕ ಕುಂತೆ, ಬರೀತಾ ಬರೀತಾ ನಾಲ್ಕಾದ್ವು, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಅಕ್ಕನ ಮಗಳು, ಜೇವರ್ಗಿ ಕಡಿ ಹಳ್ಳ್ಯಾಗ ಇರ್ತಾಳ, 2 ವರ್ಷ ಆಯ್ತು, ಉಂಡು ಅರ್ಧ ತಾಸಿನ್ಯಾಗ ಎದಿಗೂಡಿನ ಕೆಳಗ ಕೈ ಒತ್ತಿ ಹಿಡ್ಕೊಂಡು ಬಗ್ಗಿ ಕುಂದ್ರೋಳು. ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರನ ಅಂಜಿಕಿ, 11 ಕೆಜಿ ಇಳಿದಿದ್ಲು. ಎಂಡೋಸ್ಕೋಪಿ ಆಯ್ತು, ಪಿತ್ತಕೋಶದ ಸ್ಕ್ಯಾನ್ ಆಯ್ತು, ಎಲ್ಲಾ ನಾರ್ಮಲ್. ಗ್ಯಾಸ್ ಅಂದ್ರು, ಟೆನ್ಶನ್ ಅಂದ್ರು, ಲಗ್ನ ಮಾಡ್ರಿ ಅಂದ್ರು, ಕಡೀದು ಡಾಕ್ಟರ್ ಅಲ್ಲ ಬಿಡ್ರಿ, ಓಣಿಯವ್ರು. ಕಡಿಗಿ ಹೈದರಾಬಾದಿಗೆ ಹೋದಾಗ ಸಿಟಿ ಆಂಜಿಯೋಗ್ರಾಮ್ (ರಕ್ತದ ಕೊಳವಿ ಕಾಣೋ ಸ್ಕ್ಯಾನ್) ಮಾಡಿ ‘ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಸಿಂಡ್ರೋಮ್’ ಅಂತ ಬರದ್ರು, ಅಂದ್ರ ಒಳಗಿನ ಒಂದು ನಾರಿನ ಪಟ್ಟಿ ಹೊಟ್ಟಿಗಿ ರಕ್ತ ಒಯ್ಯೋ ಕೊಳವಿನ ಒತ್ತೋ ಬ್ಯಾನಿ. ನಂದು ಕಲಬುರಗ್ಯಾಗ ಡಿಟಿಪಿ ಅಂಗಡಿ, ಅದಕ್ಕ ‘ಮಾಮಾ ನೀ ಕನ್ನಡದಾಗ ಬರದು ಕೊಡು, ಎಲ್ಲರಿಗೂ ಒಮ್ಮಿ ತಿಳೀಲಿ’ ಅಂತ ಆ ಕಾಗದ ನನ್ನ ಟೇಬಲ್ಲಿಗೆ ಬಂತು.

ಮೊದಲ್ನೇ ತೊಡಕು ನರದ್ದು. ಅಲ್ಲಿ ಡಾಕ್ಟರ್ ನಮ್ಮ ಭಾವಗ ಹಿಂದಿದಾಗ ‘ನಸ್ ದಬ್ ರಹೀ ಹೈ’ ಅಂದಾರ, ಭಾವ ಅದನ್ನ ಊರಿಗಿ ‘ನರ ಒತ್ಯದ’ ಅಂತ ತಂದಾನ. ನಮ್ಮ ಕಡಿ ನರ ಅಂದ್ರ ಮುಗೀತು, ಮುಂಗೈ ಮ್ಯಾಲ ಹಸರ ಕಾಣೋದೂ ನರ, ಸೊಂಟದಿಂದ ಕಾಲಿಗಿ ಜುಂ ಅನ್ನೋದೂ ನರ, ಕುತ್ತಿಗಿ ತಿರುಗಿಸಲಿಕ್ಕ ಬರ್ಲಿಲ್ಲಂದ್ರ ಅದೂ ನರ. ನಮ್ಮವ್ವ ಏನ್ ಮಾಡಿದ್ಲು ಅಂದ್ರ, ಆ ಹುಡುಗೀನ ಬೆನ್ನಿಗಿ ಎಣ್ಣಿ ಹಚ್ಚಿ ನರ ತಿಕ್ಕೋರ ಹತ್ರ ಕಳಿಸಿಬಿಟ್ಲು.

ಖರೇ ಅಂದ್ರ ಒತ್ತಿಸ್ಕೊಂಡಿದ್ದು ಸೀಲಿಯಾಕ್ ಧಮನಿ. ದೊಡ್ಡ ಮಹಾಪಧಮನಿ ವಪೆ (ಎದಿ-ಹೊಟ್ಟಿ ನಡುವಿನ ಪರದಿ) ದಾಟಿ ಹೊಟ್ಟಿಗಿ ಇಳದ ಕೂಡ್ಲೇ ಮುಂದಕ್ಕ ಚಾಚೋ ಮೊದಲ್ನೇ ದೊಡ್ಡ ಕೊಂಬಿ ಅದು, ಜಠರ, ಲಿವರ್, ಗುಲ್ಮ ಮೂರಕ್ಕೂ ರಕ್ತ ಅಲ್ಲಿಂದನ. ಶಾಲಿ ಪುಸ್ತಕದಾಗ ಅಪಧಮನಿ, ಅಭಿಧಮನಿ ಅಂತ ಅದಾವ, ಆದ್ರ ನನಗ ಆ ಜೋಡಿ ಸೇರಂಗಿಲ್ಲ, ಸಣ್ಣ ಫಾಂಟಿನ್ಯಾಗ ಒಂದು ಅಕ್ಷರ ತಪ್ಪಿದ್ರ ಶುದ್ಧ ರಕ್ತ ಅಶುದ್ಧ ಆಗ್ತದ. ಬರೀ ಧಮನಿ ಅಂದ್ರ ಸಾಕಲ್ಲ? ಇನ್ನ ‘ಸೀಲಿಯಾಕ್’ಗ ‘ಉದರ’ ಅಂತ ಹಾಕಿದ್ರ ಅದು ಹೊಟ್ಟ್ಯಾಗಿನ ಮಹಾಪಧಮನಿ ಜೊತಿ ಕಲಸಿಹೋಗ್ತದ. ಹಂಗಂತ ಸೀಲಿಯಾಕ್ ಅಂತನೇ ಬಿಟ್ರ ಇನ್ನೊಂದು ಪಂಚಾಯ್ತಿ, ನಮ್ಮ ತಮ್ಮ ಮೊಬೈಲಿನ್ಯಾಗ ಹುಡುಕಿ ಗೋಧಿ ಬ್ಯಾನಿ ಅದು ಅಂತ ಹೇಳಿ ಮನ್ಯಾಗ ಚಪಾತಿ ಬಂದ್ ಮಾಡಿಸ್ದ. ಅದು ಬ್ಯಾರೇ ಸೀಲಿಯಾಕ್ ಕಾಯಿಲಿ, ಇದಕ್ಕ ಸಂಬಂಧ ಇಲ್ಲ. ಎರಡರ ಬೇರೂ ಹೊಟ್ಟಿ ಅನ್ನೋ ಗ್ರೀಕ್ ಪದ, ಅಷ್ಟೇ.

ಮಜಾ ಏನಂದ್ರ ನಮ್ಮವ್ವನ ‘ನರ’ ಪೂರ್ತಿ ತಪ್ಪೂ ಅಲ್ಲ. ಆ ಧಮನಿ ಸುತ್ತ ನರಗಳ ದೊಡ್ಡ ಜಾಲ ಅದ, ಬ್ಯಾನಿ ಬರೋದು ರಕ್ತ ಕಮ್ಮಿ ಬಿದ್ದೋ ಆ ಜಾಲ ಹಿಸುಕಿದ್ದಕ್ಕೋ ಅಂತ ಡಾಕ್ಟರುಗಳಲ್ಲೇ ವಾದ ಅದ. ಈ ಬ್ಯಾನಿ ಬಗ್ಗೆ ಫಿನ್ಲೆಂಡಿನ ಡಾಕ್ಟರ್ ಹಾರ್ಯೋಲಾ 1963ರಾಗ, ಡನ್ಬಾರ್ 1965ರಾಗ ಬರದಿದ್ದು, ಡನ್ಬಾರ್ ಸಿಂಡ್ರೋಮ್ ಅಂತನೂ ಅಂತಾರ, ವಾದ ಇನ್ನೂ ಮುಗ್ದಿಲ್ಲ.

ಈಗ ನನ್ನ ಅಸಲಿ ಪ್ರಶ್ನಿ, ಲಿಗಮೆಂಟ್. ನಿಘಂಟಿನ್ಯಾಗ ಅಸ್ಥಿರಜ್ಜು, ಅಸ್ಥಿಬಂಧ ಅಂತ ಸಿಗ್ತದ. ಆದ್ರ ಇಲ್ಲಿ ಅಸ್ಥಿ ಎಲ್ಲದರಿ? ವಪೆಯ ಎರಡು ಕಾಲು ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಇಳಿತಾವ, ಅವೆರಡನ್ನ ಮಹಾಪಧಮನಿ ಮ್ಯಾಲ ಕೂಡಿಸೋ ನಾರಿನ ಪಟ್ಟಿ ಇದು, ಎಲುಬಿಗಿ ಎಲುಬು ಕಟ್ಟೋದಲ್ಲ. ಆರ್ಕ್ಯುಯೇಟ್ ಅಂದ್ರ ಕಮಾನಿನಂಗ ಬಾಗಿದ್ದು, ಲ್ಯಾಟಿನ್ನಿನ ಮೂಲ ಅರ್ಥ ಬಿಲ್ಲು, ನಮ್ಮ ಕಮಾನು ಫಾರ್ಸಿಯಿಂದ ಬಂದದ್ದು ಅದೂ ಬಿಲ್ಲೇ. ಇಷ್ಟು ಚಲೋ ಕೂಡಿ ಬಂದ ಪದ ಬಿಡಬಾರ್ದಂತ ‘ನಡುಕಮಾನುಪಟ್ಟಿ’ ಅಂತ ಟೈಪ್ ಮಾಡ್ದೆ. ನಮ್ಮ ಕಿಲ್ಲೇದೊಳಗ 1367ರ ಜಾಮಿ ಮಸೀದಿ ನೋಡಿದವ್ರಿಗೆ ಗೊತ್ತು, ಬದಿ ಸಾಲಿನ ಕಮಾನು ಅಗಲ ಭಾಳ, ಬುಡ ಭಾಳ ತಗ್ಗು, ನೆಲಕ್ಕ ಕುಂತಂಗ ಕಾಣ್ತಾವ. ಕೆಲವ್ರ ಹೊಟ್ಟ್ಯಾಗೂ ಹಂಗ, ಕಮಾನು ತಗ್ಗಾಗಿ ಧಮನಿ ಮ್ಯಾಲ ಕುಂದರ್ತದ. ಹಂಗ ಇದ್ದವ್ರೆಲ್ಲರಿಗೂ ಬ್ಯಾನಿ ಬರಂಗಿಲ್ಲ ಮತ್ತ, ಅದಕ್ಕ ಬಾಕಿ ಎಲ್ಲಾ ಕಾರಣ ಇಲ್ಲ ಅಂತ ನೋಡಿದ ಮ್ಯಾಲೇ ಇದರ ಹೆಸರು ಹೇಳ್ತಾರ.

ಖುಷಿಲೇ ಭಾವಗ ಓದಿ ತೋರಿಸ್ದೆ. ಅಂವ ಲಾರಿ ಗ್ಯಾರೇಜಿನಂವ. ‘ಏನ್ ಮಾಮಾ, ಕಮಾನ್ ಪಾಟಾ ಕಟ್ ಆಗ್ಯದಂತ ಬರದಿ?’ ಅಂದ. ಕಮಾನ್ ಪಾಟಾ ಅಂದ್ರ ಲಾರಿ ಅಡಿ ಭಾರ ಹೊರೋ ಸ್ಪ್ರಿಂಗ್ ಪಟ್ಟಿ. ಮುಗೀತು ನನ್ನ ಪದ. ಕಮಾನ್ ಪಟ್ಟಿ ಕತ್ತರಿಸ್ತಾರ ಅಂದ್ರ ನಮ್ಮ ಹೈವೇ ಮಂದಿಗಿ ಮೊದಲು ನೆಪ್ಪಾಗೋದು ಲೋಡ್ ಗಾಡಿನೇ.

ಆದ್ರೂ ಭಾವನ ಭಾಷಾದಾಗೇ ಒಂದು ಉಪಯೋಗ ಆಯ್ತು. ‘ಬ್ಲಾಕ್ ಅಂದ್ಮ್ಯಾಲ ಸ್ಟೆಂಟ್ ಯಾಕ ಹಾಕಂಗಿಲ್ಲ?’ ಅಂತ ಕೇಳ್ತಿದ್ದ, ನಾನೂ ಮೊದಲು ‘ಧಮನಿ ಸಂಕುಚಿತಗೊಂಡಿದೆ’ ಅಂತ ಪೇಪರ್ ಕನ್ನಡ ಬರದಿದ್ದೆ, ಅದರಾಗ ಒಳಗ ಕಟ್ಟ್ಯದೋ ಹೊರಗಿಂದ ಒತ್ಯದೋ ತಿಳಿಯಂಗಿಲ್ಲ. ಹೊಲಕ್ಕ ನೀರ್ ಬಿಟ್ಟ ಪೈಪಿನ ಮ್ಯಾಲ ಕಾಲಿಟ್ಟಂಗ ಅಂತ ಹೇಳಿದೆ, ಕಾಲು ತೆಗೀದೆ ಪೈಪಿನೊಳಗ ಜಾಳಗಿ ಕೊಳವಿ ತುರುಕಿದ್ರ ಅದೂ ಅಪ್ಪಚ್ಚಿ. ಅದಕ್ಕ ಮೊದಲು ಪಟ್ಟಿ ಕತ್ತರಿಸಬೇಕು, ಈಗ ಹೆಚ್ಚಾಗಿ ದುರ್ಬೀನು ಹಾಕೇ ಮಾಡ್ತಾರ, ಜೊತಿಗಿ ಧಮನಿ ಸುತ್ತಿನ ಆ ನರದ ಜಾಲಾನೂ ಭಾಳ ಮಂದಿ ತೆಗೀತಾರ. ರಿಪೋರ್ಟಿನ್ಯಾಗ ಇದಕ್ಕ ರಿಲೀಸ್ ಅಂತ ಇತ್ತು, ‘ಬಿಡುಗಡೆ’ ಅಂತ ಬರದ್ರ ಸಿನಿಮಾ ಆಗ್ತದ. ‘ಕತ್ತರಿಸಿ ಸಡಿಲಿಸುವುದು’ ಅಂತ ಇಟ್ಟೀನಿ.

ಇನ್ನೊಂದು, ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್) ಹೊತ್ತಿನ್ಯಾಗಿಂದು. ಉಸಿರು ಬಿಟ್ಟಾಗ ಒತ್ತು ಜಾಸ್ತಿ, ಒಳಗ ತೊಗೊಂಡಾಗ ಕಮ್ಮಿ, ಅದಕ್ಕ ಎರಡೂ ಹೊತ್ತು ರಕ್ತದ ವೇಗ ಅಳೀತಾರ, ಸೆಕೆಂಡಿಗಿ 200 ಸೆಂಟಿಮೀಟರ್ ದಾಟಿದ್ರ ಬಿಗಿದದ ಅಂತ ಅನುಮಾನ. ಒಳಗ ತೊಗೊಂಡು ಹಿಡ್ಕೋ, ‘ಉಸಿರು ಬಿಡಬ್ಯಾಡ’ ಅಂದ್ರ ನಮ್ಮವ್ವ ಬಾಜೂಕ ಕುಂತಕಿ ಬಾಯಿಗಿ ಸೆರಗು ಮುಚ್ಕೊಂಡ್ಲು, ಯಾರ ಮುಂದೂ ಬಾಯಿ ಬಿಡಬಾರ್ದು ಅಂದ್ಕೊಂಡು. ‘ಉಸಿರು ಹೊರಹಾಕಿದಾಗ’ ಅಂತ ತಿದ್ದಿಕೊಂಡೀನಿ.

ಸ್ಟೆತಾಸ್ಕೋಪಿನ್ಯಾಗ ಹೊಟ್ಟಿ ಮ್ಯಾಲ ಕೇಳೋ ಬ್ರೂಯಿಗೆ ‘ಸುಯ್ ಸಪ್ಪಳ’ ಅಂತ ಹಾಕೀನಿ, ಮರ್ಮರ ಅಂದ್ರ ಎಲಿ ಅಲುಗಾಡಿದಂಗಾಗ್ತದ. ಇದಕ್ಕೇನು ತಕರಾರಿಲ್ಲ ಅಂದ್ರ ಹಂಗೇ ಬಿಡ್ತೀನಿ.

ಉಳಿದದ್ದು ಲಿಗಮೆಂಟ್. ಅಸ್ಥಿ ಬರಬಾರ್ದು, ಲಾರಿ ನೆಪ್ಪಾಗಬಾರ್ದು, ಓದು ಬಾರದ ಮುದುಕಿಗೆ ಓದಿ ಹೇಳಿದ್ರ ತಿಳೀಬೇಕು. ‘ನಾರುಕಟ್ಟು’ ಅಂತ ಒಂದು ಹೊಳದದ, ಮೈಸೂರು ಕಡಿಯವ್ರಿಗೆ ಅದು ಬಾಳಿನಾರಿನ ಹೂವಿನ ಕಟ್ಟು ಅನಿಸ್ತದೋ ಏನೋ. ಬೀದರ್, ಯಾದಗಿರಿಯವ್ರು ಯಾರಾದ್ರೂ ಇದ್ರ ನಿಮ್ಮ ಮನ್ಯಾಗ ಇಂಥದಕ್ಕ ಏನಂತಾರ ಹೇಳ್ರಿ. ಸೋಮವಾರ ಪ್ರಿಂಟ್ ತೆಗೀಬೇಕಾಗ್ಯದ.