‘ಸಹಾಯಧನ’ ಮತ್ತು ‘ಇಂಧನ ದಕ್ಷತೆ’: ಗಡಿನಾಡಿನ ಪ್ರಕಟಣೆಗಳ ಕನ್ನಡದ ಕುರಿತು

ಮಾನ್ಯರೇ,

ಕಾಸರಗೋಡಿನ ಕನ್ನಡ ಪ್ರದೇಶಗಳಲ್ಲಿ ಸರಕಾರಿ ಪ್ರಕಟಣೆಗಳನ್ನು ಮಲೆಯಾಳದಿಂದ ಕನ್ನಡಕ್ಕೆ ತರುವವರಿಗೆ ಮತ್ತೆ ಮತ್ತೆ ಎದುರಾಗುವ ತೊಡಕೊಂದನ್ನು ಚರ್ಚೆಗೆ ಇಡುತ್ತಿದ್ದೇನೆ. ಮನೆಗಳಲ್ಲಿಯೂ ಶಾಲೆ, ಅಂಗನವಾಡಿ, ಕಚೇರಿಗಳಲ್ಲಿಯೂ ಕಡಿಮೆ ಕರೆಂಟು ಎಳೆಯುವ ದೀಪ, ಫ್ಯಾನು, ಪಂಪುಗಳನ್ನು ಹಾಕಿಸಲು ಸಿಗುವ ನೆರವಿಗೆ ಮಲೆಯಾಳದಲ್ಲಿ ‘ಆನುಕೂಲ್ಯಂ’ ಅಥವಾ ‘ಧನಸಹಾಯಂ’ ಎಂದಿರುತ್ತದೆ. ಕನ್ನಡದಲ್ಲಿ ಎಲ್ಲವೂ ‘ಸಹಾಯಧನ’ವಾಗಿಬಿಡುತ್ತದೆ. ಓದುವ ಮನೆಯವರಿಗೆ ಮೊದಲು ತಿಳಿಯಬೇಕಾದದ್ದು ಆ ಹಣವನ್ನು ಮರಳಿ ಕಟ್ಟಬೇಕೋ ಬೇಡವೋ ಎಂಬುದು. ಅದನ್ನೇ ಈ ಪದ ಮರೆಮಾಚುತ್ತದೆ.

2015ರ ಜನವರಿಯಲ್ಲಿ ಆರಂಭವಾದ, ಕೇಂದ್ರ ಸರಕಾರದ ಉಜಾಲಾ ಯೋಜನೆಯ ಎಲ್‌ಇಡಿ ಬಲ್ಬುಗಳನ್ನು ಇಂದಿಗೂ ಅನೇಕರು ಸಬ್ಸಿಡಿಯ ಬಲ್ಬು ಎನ್ನುತ್ತಾರೆ. ನಿಜದಲ್ಲಿ ಅದರಲ್ಲಿ ಸಬ್ಸಿಡಿ ಇರಲಿಲ್ಲ. ಕೇಂದ್ರದ ಉದ್ದಿಮೆಗಳು ಸೇರಿ ಕಟ್ಟಿದ ಇಇಎಸ್‌ಎಲ್ ಸಂಸ್ಥೆಯು ಬಲ್ಬುಗಳನ್ನು ಸಗಟಾಗಿ ಕೊಂಡದ್ದರಿಂದ ಒಂದಕ್ಕೆ 2014ರಲ್ಲಿ 310 ರೂಪಾಯಿಯಷ್ಟಿದ್ದ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಹಲವೆಡೆ ಬಳಕೆದಾರರು ಬಲ್ಬಿನ ಬೆಲೆಯನ್ನು ಕರೆಂಟು ಬಿಲ್ಲಿನೊಂದಿಗೆ ಕಂತುಕಂತಾಗಿ ತೀರಿಸಿದರು. ಹಳೆಯ ಬಲ್ಬುಗಳ ಬದಲು ಎಲ್‌ಇಡಿ ಕೊಡುವ, ಕೇರಳದ ‘ಫಿಲಮೆಂಟ್ ರಹಿತ ಕೇರಳ’ ಯೋಜನೆಯಲ್ಲಿಯೂ ಬಿಲ್ಲಿನ ಕಂತಿನ ವ್ಯವಸ್ಥೆಯೇ ಇತ್ತು. ಇದನ್ನು ‘ಸಹಾಯಧನ’ ಎಂದರೆ ಮುಂದಿನ ಬಿಲ್ಲು ಬಂದಾಗ ಜಗಳ ಖಂಡಿತ. ‘ಬಿಲ್ಲಿನಲ್ಲಿ ಕಂತು’ ಎಂದು ನೇರವಾಗಿ ಬರೆಯುವುದೇ ಸರಿಯೆಂದು ನನ್ನ ಅಭಿಪ್ರಾಯ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಾದರೋ 3 ಕಿಲೋವ್ಯಾಟ್‌ನ ಚಾವಣಿ ಸೌರ ಘಟಕಕ್ಕೆ 78,000 ರೂಪಾಯಿ ಮನೆಯವರ ಬ್ಯಾಂಕ್ ಖಾತೆಗೇ ಬರುತ್ತದೆ; ಅಲ್ಲಿ ‘ಸಹಾಯಧನ’ ಸಲ್ಲುತ್ತದೆ. (ಅದು ಕರೆಂಟು ಉತ್ಪಾದಿಸುವ ಯೋಜನೆಯೇ ಹೊರತು ಮಿತವಾಗಿ ಬಳಸುವುದಲ್ಲ, ಆದರೂ ಪ್ರಕಟಣೆಗಳಲ್ಲಿ ಎರಡೂ ಒಂದೇ ತಲೆಬರಹದಡಿ ಬರುತ್ತವೆ.)

ಸಾರ್ವಜನಿಕ ಕಟ್ಟಡಗಳಿಗೆ ಬರುವ ಹಣಕ್ಕೆ ‘ಅನುದಾನ’ ಎಂಬುದು ರೂಢಿಯಲ್ಲಿದೆ, ಅದರಲ್ಲಿ ಗೊಂದಲವಿಲ್ಲ. ಕಷ್ಟವಿರುವುದು ಇನ್ನೊಂದು ಪದ್ಧತಿಯಲ್ಲಿ: ಸಂಸ್ಥೆಯೊಂದು ತನ್ನ ಖರ್ಚಿನಲ್ಲಿ ಕಚೇರಿಯ ದೀಪ, ಫ್ಯಾನುಗಳನ್ನು ಬದಲಿಸಿ, ಬಿಲ್ಲಿನಲ್ಲಿ ಉಳಿದ ಹಣದಿಂದಲೇ ವರ್ಷ ವರ್ಷ ತನ್ನ ಬಂಡವಾಳವನ್ನು ಹಿಂಪಡೆಯುತ್ತದೆ. ಇದು ಸಾಲವೂ ಅಲ್ಲ, ಅನುದಾನವೂ ಅಲ್ಲ. ‘ಉಳಿತಾಯದಿಂದ ಮರುಪಾವತಿ’ ಎಂದು ಬರೆದರೆ ಅರ್ಥವೇನೋ ತಿಳಿಯುತ್ತದೆ, ಆದರೆ ಪದ ಉದ್ದವಾಯಿತು.

ಇನ್ನು ‘ಇಂಧನ ದಕ್ಷತೆ’. ಕರ್ನಾಟಕದಲ್ಲಿ ಇಂಧನ ಇಲಾಖೆಯಿರುವುದರಿಂದ ಅಲ್ಲಿನವರಿಗೆ ಈ ಪ್ರಯೋಗ ಸಹಜ. ಇಲ್ಲಿ ಇಂಧನವೆಂದರೆ ಪೆಟ್ರೋಲು, ಡೀಸೆಲು, ಸೌದೆ. ಮಲೆಯಾಳದವರು ‘ಊರ್ಜ’ (ಶಕ್ತಿ) ಎನ್ನುವಲ್ಲಿ ನಾವು ಇಂಧನವೆಂದರೆ ಓದುಗರು ಅಡುಗೆ ಅನಿಲದ ವಿಚಾರವೆಂದು ತಿಳಿದ ನಿದರ್ಶನಗಳಿವೆ. ‘ವಿದ್ಯುತ್ ಉಳಿತಾಯ’ ಸುಲಭವಾದರೂ ಪೂರ್ತಿ ಹೊಂದುವುದಿಲ್ಲ. ಫ್ಯಾನು ಆರಿಸಿ ಸೆಕೆಯಲ್ಲಿ ಕೂರುವುದೂ ಉಳಿತಾಯವೇ. ಸುಮಾರು 75 ವ್ಯಾಟ್‌ನ ಹಳೆಯ ಫ್ಯಾನನ್ನು ತೆಗೆದು ಸುಮಾರು 30 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುವ ಬಿಎಲ್‌ಡಿಸಿ (ಹೊಸ ಬಗೆಯ ಮೋಟಾರಿನ) ಫ್ಯಾನನ್ನು ಹಾಕಿಸುವುದು ಬೇರೆ ಮಾತು. ಸರಕಾರ ಹಣ ಕೊಡುವುದು ಈ ಎರಡನೆಯದಕ್ಕೆ. ದಕ್ಷತೆ ಉಪಕರಣದ ಗುಣವಾದ್ದರಿಂದ ‘ವಿದ್ಯುತ್ ದಕ್ಷ ಉಪಕರಣ’ ಎನ್ನಬಹುದೇ?

ತಮಿಳುನಾಡಿನ ತಾಳವಾಡಿ, ಹೊಸೂರು, ಮಹಾರಾಷ್ಟ್ರದ ಅಕ್ಕಲಕೋಟೆ, ಆಂಧ್ರದ ಮಡಕಶಿರಾ ಕಡೆಯ ಓದುಗರು ತಮ್ಮಲ್ಲಿನ ಕನ್ನಡಿಗರು ಬಿಲ್ಲಿನ ಕಂತಿಗೂ ಮರುಪಾವತಿಯ ಪದ್ಧತಿಗೂ ಯಾವ ಪದ ಬಳಸುತ್ತಾರೆಂದು ದಯವಿಟ್ಟು ತಿಳಿಸಬೇಕು.