ತಿರುಗು, ಸುತ್ತು, ವಾಲು: ಭೂಮಿಗೆ ಯಾವ ಮಾತು ಸರಿ?

ಗೆಳೆಯರೇ,

ಮಕ್ಕಳಿಗಾಗಿ ಆಕಾಶದ ಬಗ್ಗೆ ಒಂದು ಸಣ್ಣ ಪಾಠ ಬರೆಯುತ್ತಿದ್ದೇನೆ. ಹಗಲು ರಾತ್ರಿ ಹೇಗೆ ಆಗುತ್ತದೆ, ಬೇಸಿಗೆ ಚಳಿಗಾಲ ಯಾಕೆ ಬರುತ್ತದೆ, ಗ್ರಹಣ ಯಾಕೆ ಹಿಡಿಯುತ್ತದೆ, ಇಷ್ಟೇ. ಕಷ್ಟ ಬಂದರೆ ದೊಡ್ಡ ದೊಡ್ಡ ಪದಗಳಲ್ಲಿ ಬರುತ್ತದೆ ಅಂದುಕೊಂಡಿದ್ದೆ. ಆದರೆ ಪೆನ್ನು ನಿಂತದ್ದು ದಿನಾ ಆಡುವ ಎರಡು ಮೂರು ಮಾತುಗಳ ಮುಂದೆ. ನಿಮ್ಮ ಅಭಿಪ್ರಾಯ ಬೇಕು.

"ಭೂಮಿ ಸುತ್ತುತ್ತದೆ" ಅಂತ ಬರೆದೆ. ಯಾವ ಸುತ್ತು? ಇದ್ದಲ್ಲೇ ಬುಗುರಿಯ ಹಾಗೆ ಆಡುವುದೋ, ಸೂರ್ಯನನ್ನು ಬಳಸಿ ಬರುವುದೋ? ಪಠ್ಯಪುಸ್ತಕಗಳಲ್ಲಿ ಇದಕ್ಕೆ ಭ್ರಮಣೆ, ಪರಿಭ್ರಮಣೆ ಅಂತ ಜೋಡಿ ಪದಗಳಿವೆ. ದೈನಂದಿನ ಚಲನೆ, ವಾರ್ಷಿಕ ಚಲನೆ ಅಂತಲೂ ಇದೆ. ಮೊದಲ ಜೋಡಿಯಲ್ಲಿ ವ್ಯತ್ಯಾಸ ಇರುವುದು 'ಪರಿ' ಎಂಬ ಎರಡಕ್ಷರದಲ್ಲಿ ಮಾತ್ರ. ಹತ್ತು ವರ್ಷದ ಮಗುವಿಗೆ ಅದು ನೆನಪಿನಲ್ಲಿ ನಿಲ್ಲುವುದಿಲ್ಲ. ಎರಡನೆಯ ಜೋಡಿ ಭೂಮಿಗೆ ಸರಿ, ಆದರೆ ಶುಕ್ರನ ಹತ್ತಿರ ಹೋದರೆ ಕೆಟ್ಟುಹೋಗುತ್ತದೆ. ಶುಕ್ರ ಒಮ್ಮೆ ತಿರುಗಲು 243 ದಿನ ಬೇಕು, ಸೂರ್ಯನನ್ನು ಒಮ್ಮೆ ಸುತ್ತಲು 225 ದಿನ ಸಾಕು. ಅಲ್ಲಿ ಯಾವುದನ್ನು ದೈನಂದಿನ ಅನ್ನೋಣ?

ಈಗ ನೋಡಿ, ಮೇಲಿನ ಸಾಲಿನಲ್ಲಿ ನಾನು ಯೋಚಿಸದೇ ತಿರುಗಲು, ಸುತ್ತಲು ಅಂತ ಬೇರೆ ಬೇರೆ ಬರೆದೆ. ನನಗೆ ಅನ್ನಿಸುವುದು, ಕನ್ನಡ ಈ ವ್ಯತ್ಯಾಸವನ್ನು ಮೊದಲೇ ಮಾಡಿಟ್ಟಿದೆ. ಫ್ಯಾನ್ ತಿರುಗುತ್ತದೆ, ಚಕ್ರ ತಿರುಗುತ್ತದೆ. ಯಾರೂ ಫ್ಯಾನ್ ಸುತ್ತುತ್ತದೆ ಅನ್ನುವುದಿಲ್ಲ. ಸುತ್ತು ಅಂದ ಕೂಡಲೇ "ಏನನ್ನು?" ಅಂತ ಕೇಳಬೇಕೆನಿಸುತ್ತದೆ. ಗಿಡವನ್ನು ಬಳ್ಳಿ ಸುತ್ತಿತು, ಬೆಟ್ಟವನ್ನು ಸುತ್ತಿ ಬಂದೆವು. ಸುತ್ತು ಎಂಬುದಕ್ಕೆ ಒಂದು ಕರ್ಮಪದ ಬೇಕು, ತಿರುಗು ಎಂಬುದಕ್ಕೆ ಬೇಡ. "ಸೂರ್ಯನನ್ನು ತಿರುಗುತ್ತದೆ" ಅಂದರೆ ಕಿವಿಗೇ ಒಗ್ಗುವುದಿಲ್ಲ, ಅಲ್ವಾ?

ಗೊಂದಲ ಹುಟ್ಟುವುದು ನಾವು ಎರಡನ್ನೂ ಬೆರೆಸಿದಾಗ. "ತನ್ನ ಸುತ್ತ ತಾನೇ ಸುತ್ತುತ್ತದೆ" ಅಂತ ಒಂದು ಸಾಲು. ಅದರ ಬೆನ್ನಿಗೇ "ಸೂರ್ಯನ ಸುತ್ತ ತಿರುಗುತ್ತದೆ" ಅಂತ ಇನ್ನೊಂದು. ಎರಡೂ ತಪ್ಪು ಕನ್ನಡ ಅಲ್ಲ, ಎಲ್ಲರೂ ಆಡುತ್ತೇವೆ. ತಲೆ ಸುತ್ತುತ್ತದೆ ಅಂತಲೂ ಅನ್ನುತ್ತೇವೆ, ತಲೆ ತಿರುಗುತ್ತದೆ ಅಂತಲೂ ಅನ್ನುತ್ತೇವೆ. ಆದರೆ ಪಾಠದಲ್ಲಿ ಈ ಸಲಿಗೆ ಬೇಡ. ಭೂಮಿ ತಿರುಗುತ್ತದೆ, ಅದಕ್ಕೇ ಹಗಲು ರಾತ್ರಿ. ಭೂಮಿ ಸೂರ್ಯನನ್ನು ಸುತ್ತುತ್ತದೆ, ಅದು ವರ್ಷ. ಇಷ್ಟು ಬಿಗಿ ಮಾಡಿದರೆ ಸಾಕು ಅನ್ನುವುದು ನನ್ನ ವಾದ.

ಚಂದ್ರನ ವಿಷಯದಲ್ಲಿ ಇದು ಎಷ್ಟು ಮುಖ್ಯ ಅಂತ ಮೊನ್ನೆ ಗೊತ್ತಾಯಿತು. "ಚಂದ್ರ ಯಾವಾಗಲೂ ಒಂದೇ ಮುಖ ತೋರಿಸ್ತಾನೆ, ಹಾಗಾದ್ರೆ ಅವನು ತಿರುಗೋದೇ ಇಲ್ಲ" ಅಂದ ಒಬ್ಬ ಹುಡುಗ. ಕೋಣೆಯ ನಡುವೆ ಒಂದು ಕುರ್ಚಿ ಇಟ್ಟೆ. ಅದು ಭೂಮಿ. ಮುಖ ಕುರ್ಚಿಯ ಕಡೆಗೇ ಇಟ್ಟುಕೊಂಡು ಒಂದು ಸುತ್ತು ಬಾ ಅಂದೆ. ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹೊರಟ. ಕುರ್ಚಿಯ ಹಿಂದೆ ಏನು ಕಾಣುತ್ತದೆ ಅಂತ ಕೇಳುತ್ತಾ ಹೋದೆ. ಕಿಟಕಿ, ಬೀರು, ಬಾಗಿಲು, ಕ್ಯಾಲೆಂಡರ್, ಮತ್ತೆ ಕಿಟಕಿ. ನಾಲ್ಕೂ ಗೋಡೆ ನೋಡಿದ್ದಾನೆ ಅಂದರೆ ಅವನು ಒಮ್ಮೆ ತಿರುಗಿದ್ದಾನೆ! ಆಮೇಲೆ ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು ಸುತ್ತು ಬರಲು ಹೇಳಿದೆ. ಈ ಸಲ ಅವನು ತಿರುಗಲೇ ಇಲ್ಲ. ಕುರ್ಚಿಯಲ್ಲಿ ಕೂತಿದ್ದ ಅವನ ತಂಗಿಗೆ ಮುಖ, ಭುಜ, ಬೆನ್ನು ಎಲ್ಲ ಕಂಡವು. "ಓಹೋ, ತಿರುಗೋದ್ರಿಂದಾನೇ ಒಂದೇ ಮುಖ ಕಾಣೋದು" ಅಂದಳು ಅವಳು. ಚಂದ್ರ ಭೂಮಿಯನ್ನು ಒಮ್ಮೆ ಸುತ್ತಲು ಸುಮಾರು 27.3 ದಿನ, ಒಮ್ಮೆ ತಿರುಗಲೂ ಅಷ್ಟೇ ದಿನ. ತಿರುಗು, ಸುತ್ತು ಎರಡೂ ಒಂದೇ ಮಾತಾಗಿದ್ದರೆ ಆ ಮಗುವಿಗೆ ಇದನ್ನು ಹೇಳಲೂ ಆಗುತ್ತಿರಲಿಲ್ಲ.

ಇದೇ ಲೆಕ್ಕ ಭೂಮಿಗೂ ಇದೆ. ವರ್ಷಕ್ಕೆ 365 ದಿನ ಅಂತ ಎಣಿಸುತ್ತೇವೆ. ಆದರೆ ನಕ್ಷತ್ರಗಳನ್ನು ಗುರುತಾಗಿಟ್ಟು ನೋಡಿದರೆ ಅಷ್ಟರಲ್ಲಿ ಭೂಮಿ ಸುಮಾರು 366 ಸಲ ತಿರುಗಿರುತ್ತದೆ. ಒಂದು ತಿರುಗು ಸುತ್ತಿನಲ್ಲೇ ಕರಗಿಹೋಗಿದೆ. ಅದಕ್ಕೇ ಒಂದು ತಿರುಗಿಗೆ 24 ಗಂಟೆ ಪೂರ್ತಿ ಬೇಕಿಲ್ಲ, 23 ಗಂಟೆ 56 ನಿಮಿಷ ಸಾಕು. ಇವತ್ತು ರಾತ್ರಿ ಕಂಡ ನಕ್ಷತ್ರ ನಾಳೆ ಸುಮಾರು ನಾಲ್ಕು ನಿಮಿಷ ಮೊದಲೇ ಮೂಡುವುದೂ ಇದರಿಂದಲೇ.

ಇನ್ನು ವಾಲು. ಇದು ನನಗೆ ಜಾಸ್ತಿ ಚಿಂತೆ ತಂದ ಪದ.

"ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ" ಅಂತ ಬರೆಯುವುದು ರೂಢಿ. ಮುಂದೆ "ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನ ಕಡೆಗೆ ವಾಲುತ್ತದೆ, ಡಿಸೆಂಬರ್‌ನಲ್ಲಿ ಆಚೆಗೆ ವಾಲುತ್ತದೆ" ಅಂತ ಬರುತ್ತದೆ. ಓದಿದ ಮಗು ಏನು ಅಂದುಕೊಳ್ಳುತ್ತದೆ? ಭೂಮಿ ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ತಲೆದೂಗುತ್ತದೆ ಅಂತ. ತಪ್ಪು ಮಗುವಿನದಲ್ಲ. ವಾಲು ಅನ್ನುವ ಮಾತಿನಲ್ಲೇ ಒಂದು ಕಡೆಗೆ ಎಳೆತವಿದೆ. ಮರ ರಸ್ತೆಯ ಕಡೆ ವಾಲುತ್ತದೆ, ಮನಸ್ಸು ಒಬ್ಬರ ಕಡೆ ವಾಲುತ್ತದೆ. ಇವತ್ತು ಈ ಕಡೆ ವಾಲಿದ್ದು ನಾಳೆ ಆ ಕಡೆ ವಾಲಬಹುದು.

ಅದಕ್ಕೆ ಓರೆ ಅನ್ನುವ ಪದ ಹಿಡಿದೆ. ಓರೆಯಾಗಿ ಇಟ್ಟ ಏಣಿ ಓರೆಯಾಗಿಯೇ ಇರುತ್ತದೆ. "ಭೂಮಿ ಓರೆಯಾಗಿ ನಿಂತೇ ಸೂರ್ಯನನ್ನು ಸುತ್ತುತ್ತದೆ" ಅಂತ ಬರೆದೆ. ಚೆಂಡಿಗೆ ಒಂದು ಕಡ್ಡಿ ಚುಚ್ಚಿ, ಕಡ್ಡಿಯ ತುದಿ ಕಿಟಕಿಯ ಮೇಲಿನ ಮೂಲೆಯನ್ನೇ ತೋರಿಸುವಂತೆ ಹಿಡಿದು, ಮೇಜಿನ ದೀಪವನ್ನು ನಿಧಾನವಾಗಿ ಸುತ್ತಿ ಬಂದೆವು. ಒಂದು ಬದಿಯಲ್ಲಿ ಚೆಂಡಿನ ಮೇಲರ್ಧಕ್ಕೆ ಬೆಳಕು ನೆಟ್ಟಗೆ ಬಿತ್ತು, ಎದುರು ಬದಿಗೆ ಹೋದಾಗ ಕೆಳಗರ್ಧಕ್ಕೆ. ಕಡ್ಡಿ ಮಾತ್ರ ಅಲ್ಲಾಡಲೇ ಇಲ್ಲ. ಬದಲಾದದ್ದು ನಾವು ನಿಂತ ಜಾಗ. ಋತುಗಳ ಕಥೆ ಪೂರ್ತಿ ಇದರಲ್ಲಿದೆ. ಸೂರ್ಯ ಹತ್ತಿರವಾದರೆ ಬೇಸಿಗೆ, ದೂರವಾದರೆ ಚಳಿ ಅನ್ನುವ ನಂಬಿಕೆಗೂ ಇಲ್ಲೇ ಉತ್ತರ ಸಿಗುತ್ತದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿಲೋಮೀಟರ್. ಉತ್ತರಾರ್ಧಗೋಳದಲ್ಲಿ ಅದು ನಡುಚಳಿಗಾಲ.

ಮೂಡಣ, ಪಡುವಣ ಎಂಬ ಮಾತುಗಳನ್ನೂ ಪಾಠಕ್ಕೆ ತಂದಿದ್ದೇನೆ. ಸೂರ್ಯ ಮೂಡುವ ಕಡೆ ಮೂಡಣ, ಪಡುವ, ಅಂದರೆ ಮುಳುಗುವ ಕಡೆ ಪಡುವಣ. ಸೂರ್ಯ ಕರಾರುವಾಕ್ಕಾಗಿ ಪೂರ್ವ ಬಿಂದುವಿನಲ್ಲಿ ಹುಟ್ಟುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಮಾತ್ರ. ಉಳಿದ ದಿನ ಬಡಗಣಕ್ಕೋ ತೆಂಕಣಕ್ಕೋ ಸರಿದಿರುತ್ತಾನೆ. ಮೂಡಣ ಅಂದರೆ ಒಂದು ಬಿಂದು ಅನ್ನುವುದಕ್ಕಿಂತ ಒಂದು ಮಗ್ಗುಲು ಅನ್ನುವ ಅರ್ಥ ನನ್ನ ಕಿವಿಗೆ ಕೇಳುತ್ತದೆ. ಎಷ್ಟು ಚೆಂದದ ಮಾತು!

ಗ್ರಹಣದಲ್ಲೂ ಓರೆ ಕೈಹಿಡಿಯಿತು. ಪ್ರತಿ ಅಮಾವಾಸ್ಯೆಗೆ ಗ್ರಹಣ ಯಾಕಿಲ್ಲ? ಚಂದ್ರನ ದಾರಿ ನಮ್ಮ ದಾರಿಗೆ ಸುಮಾರು 5 ಡಿಗ್ರಿ ಓರೆ. ಹೆಚ್ಚಿನ ತಿಂಗಳು ಅವನು ಸೂರ್ಯನ ಮೇಲಿಂದಲೋ ಕೆಳಗಿಂದಲೋ ಹಾದುಹೋಗುತ್ತಾನೆ. ಆದರೆ ಗ್ರಹಣ ಎಂಬ ಒಂದೇ ಪದದ ಒಳಗೆ ಎರಡು ಬೇರೆ ಸಂಗತಿಗಳಿವೆ. ಸೂರ್ಯಗ್ರಹಣ ಒಂದು ಮರೆ: ಚಂದ್ರ ನಮ್ಮ ಕಣ್ಣಿಗೆ ಅಡ್ಡ ಬಂದ. ಚಂದ್ರಗ್ರಹಣ ಒಂದು ನೆರಳು: ಭೂಮಿಯ ನೆರಳು ಚಂದ್ರನ ಮೇಲೆ ಬಿತ್ತು. ಮರೆ ಅನ್ನುವುದು ನೋಡುವವರು ನಿಂತ ಜಾಗಕ್ಕೆ ಸೇರಿದ್ದು. ನನಗೆ ಮರೆಯಾದದ್ದು ನಿಮಗೆ ಕಾಣಬಹುದು. ಆದ್ದರಿಂದ ಪೂರ್ಣ ಸೂರ್ಯಗ್ರಹಣ ಭೂಮಿಯ ಒಂದು ಸಣ್ಣ ಪಟ್ಟಿಗೆ ಮಾತ್ರ. ನೆರಳು ಹಾಗಲ್ಲ. ಅದು ಚಂದ್ರನ ಮೇಲೆಯೇ ಬಿದ್ದಿರುವುದರಿಂದ, ಆ ಹೊತ್ತಿಗೆ ಚಂದ್ರ ಕಾಣುವ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ. ಗ್ರಹಣ ಪದ ಬಿಡಬೇಕು ಅಂತಲ್ಲ. ಪಕ್ಕದಲ್ಲಿ ಮರೆ, ನೆರಳು ಎರಡನ್ನೂ ಇಟ್ಟರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಈಗ ನನ್ನ ನಿಜವಾದ ಪ್ರಶ್ನೆ. ವರ್ಷದ ಲೆಕ್ಕದಲ್ಲಿ ಕಡ್ಡಿ ಅಲ್ಲಾಡುವುದಿಲ್ಲ ಅಂದೆ. ಸಾವಿರಾರು ವರ್ಷಗಳ ಲೆಕ್ಕದಲ್ಲಿ ಅಲ್ಲಾಡುತ್ತದೆ. ಓರೆ ಹೆಚ್ಚುಕಡಿಮೆ ಹಾಗೇ ಉಳಿದು, ತುದಿ ಮಾತ್ರ ಆಕಾಶದಲ್ಲಿ ಒಂದು ದೊಡ್ಡ ವೃತ್ತ ಬರೆಯುತ್ತದೆ. ಒಂದು ಡಿಗ್ರಿಗೆ ಸುಮಾರು 72 ವರ್ಷ, ಪೂರ್ತಿ ಸುತ್ತಿಗೆ ಸುಮಾರು 25,800 ವರ್ಷ. ಇನ್ನು 12,000 ವರ್ಷ ಕಳೆದರೆ ಉತ್ತರ ತೋರಿಸುವ ಪ್ರಕಾಶಮಾನ ನಕ್ಷತ್ರ ಅಭಿಜಿತ್ ಆಗಿರುತ್ತದೆ. ಇದಕ್ಕೆ ಅಯನ ಚಲನೆ ಅನ್ನುವ ಹೆಸರಿದೆ, ಆದರೆ ಆ ಹೆಸರಿನಿಂದ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ತಿರುಗು, ಸುತ್ತು ಎರಡೂ ಖರ್ಚಾಗಿವೆ. ಓಲಾಡು ಅಂದರೆ ಈ ಕಡೆ ಆ ಕಡೆ ಅಷ್ಟೇ ಆಗುತ್ತದೆ, ವೃತ್ತ ಬರುವುದಿಲ್ಲ. ತೊನೆ ಅನ್ನೋಣ ಅಂದರೆ ಗಾಳಿಗೆ ತೆನೆ ಬಾಗಿದ ಚಿತ್ರ ಬರುತ್ತದೆ. ತೂಗಾಡು ಸ್ವಲ್ಪ ಹತ್ತಿರ, ಆದರೂ ಪೂರ್ತಿ ಕೂರುವುದಿಲ್ಲ.

ಬುಗುರಿ ಆಡಿದವರಿಗೆ ಈ ಚಲನೆ ಚೆನ್ನಾಗಿ ಗೊತ್ತು. ವೇಗ ಕುಂದಿದ ಮೇಲೆ, ಬೀಳುವ ಮೊದಲು, ಅದು ಮೊಳೆಯ ಮೇಲೆ ನಿಂತೇ ತಲೆಯನ್ನು ದುಂಡಗೆ ಆಡಿಸುತ್ತದೆ. ಆ ಆಟಕ್ಕೆ ನೀವು ಚಿಕ್ಕವರಿದ್ದಾಗ ಏನಂತಿದ್ದಿರಿ?