ಬೆರಿಯಲ್ ಅವರ ‘ಅನ್‌ಟ್ರೂ’ ಎಲ್‌ಪಿಯಲ್ಲಿ ಚಟಪಟ ಸದ್ದು: ತಟ್ಟೆಯದ್ದೋ, ಸೂಜಿಯದ್ದೋ?

ಬದಿಯಡ್ಕದಿಂದ:

ನಮಸ್ಕಾರ. ಲಂಡನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಬೆರಿಯಲ್ ಅವರ ‘ಅನ್‌ಟ್ರೂ’ ಆಲ್ಬಮ್ ಕೊನೆಗೂ ಎಲ್‌ಪಿಯಲ್ಲಿ, ಅಂದರೆ ವಿನೈಲ್ ತಟ್ಟೆಯಲ್ಲಿ, ಸಿಕ್ಕಿತು. ಬೆಂಗಳೂರಿನ ಒಬ್ಬರ ಹತ್ತಿರ ಇದ್ದ ಹಳೆ ಪ್ರತಿ. ಇಷ್ಟು ವರ್ಷ ಇಯರ್‌ಫೋನ್‌ನಲ್ಲಿ ಕೇಳಿದ್ದೆ, ತಟ್ಟೆಯಲ್ಲಿ ಕೇಳಬೇಕು ಅಂತ ತುಂಬಾ ಆಸೆ ಇತ್ತು. ಆದರೆ ನೆಮ್ಮದಿಯಾಗಿ ಕೇಳಲು ಆಗುತ್ತಿಲ್ಲ.

ನನ್ನದು ಬೆಲ್ಟ್ ಇರುವ ಟರ್ನ್‌ಟೇಬಲ್. ಸೂಜಿ ಕೂರುವ ಕಾರ್ಟ್ರಿಜ್ ಆಡಿಯೋ-ಟೆಕ್ನಿಕಾ ವಿಎಂ95ಇ. ಆಂಪ್ಲಿಫೈಯರ್‌ನಲ್ಲೇ ಟರ್ನ್‌ಟೇಬಲ್ ಜೋಡಿಸುವ ಫೋನೋ ಇನ್‌ಪುಟ್ ಇದೆ. ಹಳೆ ಮನೆಯ ಮಾಳಿಗೆಯಲ್ಲಿ ಉದ್ದದ ಮೇಜಿನ ಮೇಲೆ ಟರ್ನ್‌ಟೇಬಲ್, ಅದರ ಎರಡೂ ಬದಿಗೆ ಸ್ಪೀಕರ್. ಮಾಳಿಗೆಗೆ ಹಲಗೆಯ ನೆಲ.

ತೊಂದರೆ ಏನೆಂದರೆ, ಹಾಡಿನ ಉದ್ದಕ್ಕೂ ಚಟಪಟ ಕೇಳುತ್ತದೆ. ಕೆಲವು ಕಡೆ ಜಾಸ್ತಿ. ವಾಲ್ಯೂಮ್ ಏರಿಸಿದರೆ ಹಿಂದಿನಿಂದ ಗುಂಯ್ ಅನ್ನುತ್ತದೆ. ಬಾಸ್ ಬರುವಲ್ಲಿ ಇಡೀ ಮೇಜು ನಡುಗಿ ಸದ್ದು ಊಳಿಡುತ್ತದೆ. ಯಾರಾದರೂ ಹತ್ತಿರ ನಡೆದರೆ ಸೂಜಿ ಹಾರುತ್ತದೆ. ಒಂದು ತಟ್ಟೆಯಲ್ಲಿ ಸಣ್ಣ ಬಿಳಿ ಚುಕ್ಕೆಗಳೂ ಇವೆ.

ಇನ್ನೊಂದು ಸಂಶಯ. ಕವರಿನಲ್ಲಿ ಫೋಟೋ ಇಲ್ಲ, ಪೆನ್ಸಿಲ್‌ನಲ್ಲಿ ಬರೆದ ಚಿತ್ರ ಮಾತ್ರ. ಇದು ನಕಲಿ ಪ್ರತಿ ಆಗಿರಬಹುದಾ? ಅದಕ್ಕೇ ಹೀಗೆ ಕೇಳುತ್ತಿದೆಯಾ?

ಉಪ್ಪಳದಿಂದ:

ಬದಿಯಡ್ಕದವರೇ, ತಟ್ಟೆಗೆ ಕೈ ಹಾಕುವ ಮೊದಲು ಒಂದು ವಿಷಯ ಗೊತ್ತಿರಲಿ. ಈ ಆಲ್ಬಮ್‌ನಲ್ಲಿ ಚಟಪಟ ಇರುವುದೇ ಹೌದು. ಕಲಾವಿದರೇ ಬೇಕೆಂದು ಸೇರಿಸಿದ್ದು. ಹಳೆ ತಟ್ಟೆಯ ಸದ್ದು, ಮಳೆಯ ಸದ್ದು, ಲೈಟರ್ ಹೊತ್ತಿಸಿದಂಥ ಸಣ್ಣ ಸದ್ದುಗಳನ್ನು ತಾಳದ ಸುತ್ತ ಹರಡಿದ್ದಾರೆ. ಸಿಡಿಯಲ್ಲಿ ಕೇಳಿದರೂ ಅದು ಇದೆ. ನೀವು ಎಷ್ಟೇ ತೊಳೆದರೂ ಆ ಪಾಲು ಹೋಗುವುದಿಲ್ಲ, ಹೋಗಲೂಬಾರದು. ನನಗೆ ಈ ಆಲ್ಬಮ್ ಇಷ್ಟವಾಗಲು ಅದೇ ದೊಡ್ಡ ಕಾರಣ. ರಾತ್ರಿ ಊರು ಮಲಗಿದ ಮೇಲೆ ಕೇಳಿದರೆ ಆ ಸದ್ದಿನ ಹಿಂದಿನಿಂದ ಧ್ವನಿಗಳು ಮೆಲ್ಲಗೆ ಎದ್ದು ಬರುತ್ತವೆ.

ಫೋಟೋ ಇಲ್ಲದ್ದಕ್ಕೆ ಸಂಶಯ ಬೇಡ. 2006ರಲ್ಲಿ ಮೊದಲ ಆಲ್ಬಮ್ ಹೈಪರ್‌ಡಬ್ ಲೇಬಲ್‌ನಿಂದ ಬಂದಾಗ ಇವರು ಯಾರೆಂದು ಹೊರಗಿನವರಿಗೆ ಗೊತ್ತಿರಲಿಲ್ಲ. ‘ಅನ್‌ಟ್ರೂ’ ಬ್ರಿಟನ್ನಿನ ವರ್ಷದ ಆಲ್ಬಮ್‌ಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ 2008ರ ಪಟ್ಟಿಗೆ ಬಂದ ಮೇಲೆ ಇಂಗ್ಲೆಂಡಿನ ಪತ್ರಿಕೆಗಳು ಹುಡುಕಲು ಶುರು ಮಾಡಿದವು. ಆ ವರ್ಷ ಆಗಸ್ಟ್‌ನಲ್ಲಿ ಬೆರಿಯಲ್ ಅವರೇ ಮೈಸ್ಪೇಸ್ ಎಂಬ ಜಾಲತಾಣದಲ್ಲಿ ತಮ್ಮ ಹೆಸರು ವಿಲ್ ಬೆವನ್ ಎಂದು ಬರೆದು ಒಂದು ಫೋಟೋ ಹಾಕಿದರು. ಆಮೇಲೂ ವೇದಿಕೆ ಹತ್ತಲಿಲ್ಲ. ಆ ಪೆನ್ಸಿಲ್ ಚಿತ್ರವೇ ಅಸಲಿ ಕವರು. ಪ್ರತಿ ಪರೀಕ್ಷಿಸಬೇಕಿದ್ದರೆ ಎಚ್‌ಡಿಬಿಎಲ್‌ಪಿ 002 ಎಂಬ ಕ್ಯಾಟಲಾಗ್ ಸಂಖ್ಯೆ ಇದೆಯಾ ನೋಡಿ. ಲೇಬಲ್‌ನ ಸುತ್ತ, ಹಾಡಿನ ಗೆರೆ ಮುಗಿದ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರಗಳನ್ನೂ ಟಾರ್ಚ್ ಹಾಕಿ ಓದಿ.

ಈಗ ಅವರ ಚಟಪಟ ಯಾವುದು, ನಿಮ್ಮ ಮನೆಯದ್ದು ಯಾವುದು ಅಂತ ಬೇರೆ ಮಾಡಬೇಕು. ಮೊದಲು ಸೂಜಿ ಎತ್ತಿ, ವಾಲ್ಯೂಮ್ ಹಾಗೇ ಇರಲಿ. ಆಗಲೂ ಕೇಳುವುದೆಲ್ಲ ಕರೆಂಟಿನದ್ದು, ನಿಮ್ಮ ಗುಂಯ್ ಅದೇ ಇರಬೇಕು. ನಂತರ ಒಂದೇ ಹಾಡು ಮತ್ತೆ ಮತ್ತೆ ಹಾಕಿ, ಮೊಬೈಲ್‌ನ ಫೈಲ್ ಜೊತೆ ಹೋಲಿಸಿ. ಫೈಲ್‌ನಲ್ಲೂ ಅದೇ ಜಾಗದಲ್ಲಿ ಚಟ್ ಅಂದರೆ ಅದು ಬೆರಿಯಲ್ ಅವರದ್ದು. ಫೈಲ್‌ನಲ್ಲಿ ಇಲ್ಲ, ತಟ್ಟೆಯಲ್ಲಿ ಪ್ರತಿ ಸಲ ಜಾಗ ಬದಲಾಗುತ್ತದೆ ಅಂದರೆ ಧೂಳು. ತಟ್ಟೆಯಲ್ಲಿ ಪ್ರತಿ ಸಲ ಅಲ್ಲಿಯೇ ಟಿಕ್, ಟಿಕ್ ಅಂತ ಒಂದೇ ಅಂತರದಲ್ಲಿ ಬಂದರೆ ಗೀರು. ನಿಮಿಷಕ್ಕೆ 33⅓ ಸುತ್ತಿನ ತಟ್ಟೆಯಲ್ಲಿ ಆ ಅಂತರ 1.8 ಸೆಕೆಂಡ್, 45ರಲ್ಲಿ ಸುಮಾರು 1.33.

ಸೂಜಿ ತಟ್ಟೆಯನ್ನು ಒತ್ತುವ ಭಾರವನ್ನೂ ನೋಡಿ. ವಿಎಂ95ಇಗೆ 1.8ರಿಂದ 2.2 ಗ್ರಾಂ, ನಡುವಿನ 2 ಗ್ರಾಂ ಇಟ್ಟರೆ ಸಾಕು. ಹಗುರ ಇಟ್ಟರೆ ತಟ್ಟೆ ಸವೆಯುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ಅದು ಉಲ್ಟಾ. ಬಾಸ್ ಜೋರಿರುವಲ್ಲಿ ಹಗುರ ಸೂಜಿ ಗೆರೆಯೊಳಗೆ ಕುಣಿದು ಗೋಡೆಯನ್ನೇ ಕೆತ್ತುತ್ತದೆ.

ಬಿಳಿ ಚುಕ್ಕೆ ಬಹುಶಃ ಬೂಷ್ಟು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಜೋರು ಮಳೆಯ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ತಟ್ಟೆಯ ಕಾಗದದ ಒಳಕವರಿಗೆ ಬಾರದೆ ಇರುತ್ತದಾ? ಬೂಷ್ಟು ಬದುಕುವುದು ಆ ಕಾಗದದಲ್ಲಿ. ಹಾಗಾಗಿ ತೊಳೆದ ತಟ್ಟೆಯನ್ನು ಹಳೆ ಒಳಕವರಿಗೆ ಹಾಕಬೇಡಿ, ಪ್ಲಾಸ್ಟಿಕ್ ಪದರ ಇರುವ ಹೊಸದು ತನ್ನಿ. ತೊಳೆಯಲು ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಬಾವಿ ನೀರು ಬೇಡ, ಒಣಗಿದ ಮೇಲೆ ಅದರ ಲವಣ ಗೆರೆಯಲ್ಲಿ ಕೂರುತ್ತದೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆ ಹೋಗುವ ದಿಕ್ಕಿಗೇ ಒರಸಿ, ಕೊನೆಗೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ಲೇಬಲ್ ಒದ್ದೆ ಆಗಬಾರದು. ಒಣಗಲು ನಿಲ್ಲಿಸಿ ಇಡಿ. ಅಂಗಳದ ಬಿಸಿಲಿಗೆ ಅಡಿಕೆಯ ಪಕ್ಕ ಇಟ್ಟರೆ ಬಗ್ಗಿ ಹೋಗುತ್ತದೆ.

ಮುಳ್ಳೇರಿಯದಿಂದ:

ಉಪ್ಪಳದವರು ಹೇಳಿದ್ದು ಸರಿ. ಮೇಜಿನ ವಿಷಯ ನಾನು ಹೇಳುತ್ತೇನೆ, ನಮ್ಮದೂ ಹಲಗೆಯ ಮಾಳಿಗೆಯೇ.

ಒಂದೇ ಮೇಜಿನಲ್ಲಿ ಸ್ಪೀಕರ್ ಮತ್ತು ಟರ್ನ್‌ಟೇಬಲ್ ಇಡಲೇಬಾರದು ಮಾರಾಯ್ರೇ. ಸ್ಪೀಕರಿನ ನಡುಕ ಮೇಜಿನಿಂದ ಸೂಜಿಗೆ ಹೋಗುತ್ತದೆ, ಸೂಜಿ ಅದನ್ನೂ ಹಾಡು ಅಂತ ಆಂಪ್ಲಿಫೈಯರ್‌ಗೆ ಕಳಿಸುತ್ತದೆ, ಅದು ಮತ್ತೆ ಸ್ಪೀಕರಿಗೆ. ಊಳಿಡುವುದು ಅದಕ್ಕೇ. ಈ ಆಲ್ಬಮ್‌ನ ಬಾಸ್ ಬೇರೆ ತುಂಬಾ ಕೆಳಗಿನದ್ದು. ಸ್ಪೀಕರ್ ಬೇರೆ ಸ್ಟ್ಯಾಂಡಿಗೆ ಹೋಗಲಿ. ಟರ್ನ್‌ಟೇಬಲ್‌ಗೆ ಗೋಡೆಗೆ ಹೊಡೆದ ಶೆಲ್ಫ್ ಒಳ್ಳೆಯದು, ಆಗ ನೀವು ನಡೆದರೂ ಸೂಜಿ ಹಾರುವುದಿಲ್ಲ. ಮುರಕಲ್ಲಿನ ಗೋಡೆ ದಪ್ಪ, ನಡುಗುವುದಿಲ್ಲ. ಆದರೆ ಕಲ್ಲು ಮೆತ್ತಗಿರುವುದರಿಂದ ಸಣ್ಣ ಸ್ಕ್ರೂ ಕಿತ್ತು ಬರುತ್ತದೆ, ಉದ್ದದ್ದು ಹಾಕಿಸಿ. ಶೆಲ್ಫ್ ಲೆವೆಲ್ ಇರಬೇಕು.

ಗುಂಯ್‌ಗೆ: ಟರ್ನ್‌ಟೇಬಲ್‌ನಿಂದ ಬರುವ ತೆಳ್ಳಗಿನ ಅರ್ತ್ ವೈರ್ ಆಂಪ್ಲಿಫೈಯರ್ ಹಿಂದೆ ಜಿಎನ್‌ಡಿ (ಗ್ರೌಂಡ್) ಎಂದು ಬರೆದಿರುವ ಸ್ಕ್ರೂಗೆ ಗಟ್ಟಿಯಾಗಿ ಕೂತಿದೆಯಾ ನೋಡಿ. ಗೋಡೆಯ ಪ್ಲಗ್‌ನ ಅರ್ತ್‌ಗೆ ಅದನ್ನು ಕೊಡಬೇಡಿ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಗುಂಯ್ ಜಾಸ್ತಿ ಆಗುತ್ತದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಆಗ ಸುಮ್ನೆ ಕರೆಂಟ್ ಬರುವವರೆಗೆ ಕಾಯುವುದೇ ವಾಸಿ.

ಇನ್ನೊಂದು, ಯಾರೂ ಹೇಳಲಿಲ್ಲ: ವೇಗ ನೋಡಿದ್ದೀರಾ? ಬೇರೆ ಆಲ್ಬಮ್‌ಗಳಲ್ಲಿ ಹಾಡುವವರ ಧ್ವನಿ ಕೇಳಿದರೆ ಗೊತ್ತಾಗುತ್ತದೆ. ಇದರಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಬೆರಿಯಲ್ ಧ್ವನಿಗಳನ್ನೇ ಏರಿಸಿ ಇಳಿಸಿ, ಗಂಡೋ ಹೆಣ್ಣೋ ತಿಳಿಯದ ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಹಳೆ ಬೆಲ್ಟ್ ಜಾರುವುದೂ ಇದೆ. ತಟ್ಟೆಯ ಅಂಚಿಗೆ ಕಾಗದದ ಚೂರು ಇಟ್ಟು ಎಣಿಸಿ. 33⅓ರಲ್ಲಿ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು.

ಬದಿಯಡ್ಕದಿಂದ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅರ್ತ್ ವೈರ್ ಸಡಿಲ ಇತ್ತು, ಬಿಗಿ ಮಾಡಿದ ಕೂಡಲೇ ಗುಂಯ್ ಹೋಯಿತು. ಸ್ಪೀಕರ್ ಕೆಳಗೆ ಇಳಿಸಿದ ಮೇಲೆ ಊಳಿಡುವುದೂ ಇಲ್ಲ, ಆದರೆ ನಡೆದರೆ ಸೂಜಿ ಈಗಲೂ ಹಾರುತ್ತದೆ. ಶೆಲ್ಫ್ ಹೊಡೆಯಲು ಆಚಾರಿಗೆ ಹೇಳಿದ್ದೇನೆ. ವೇಗ ಸರಿ ಇದೆ. ಕ್ಯಾಟಲಾಗ್ ಸಂಖ್ಯೆಯೂ ಸರಿ ಇದೆ.

ತೊಳೆದ ಮೇಲೆ ಬಿಳಿ ಚುಕ್ಕೆ ಹೋಗಿದೆ. ಫೈಲ್ ಜೊತೆ ಹೋಲಿಸಿ ಕೇಳಿದೆ. ಉಳಿದ ಚಟಪಟದಲ್ಲಿ ಹೆಚ್ಚಿನದ್ದು ಫೈಲ್‌ನಲ್ಲೂ ಅದೇ ಜಾಗದಲ್ಲಿ ಇದೆ. ಎರಡನೇ ತಟ್ಟೆಯ ಒಂದು ಬದಿಯಲ್ಲಿ ಮಾತ್ರ ಟಿಕ್, ಟಿಕ್ ಅಂತ ಒಂದೇ ಅಂತರದಲ್ಲಿ ಬರುತ್ತದೆ. ಗೀರು ಕಣ್ಣಿಗೂ ಕಾಣುತ್ತದೆ. ಅದಕ್ಕೆ ಏನಾದರೂ ಮಾಡಬಹುದಾ?

ಹಾಗೆಯೇ ಅಜ್ಜನ ಕಾಲದ ಯಕ್ಷಗಾನ ಪದಗಳ 78ರ ತಟ್ಟೆಗಳೂ ಅದೇ ಮಾಳಿಗೆಯಲ್ಲಿ ಇವೆ. ಅವುಗಳಿಗೂ ಬೂಷ್ಟು. ಇದೇ ನೀರಿನಲ್ಲಿ ತೊಳೆಯಲಾ?

ಉಪ್ಪಳದಿಂದ:

ಬೇಡ, ಬೇಡ! 78ರ ಹಳೆ ತಟ್ಟೆ ಅರಗಿನದ್ದು, ಆಲ್ಕೋಹಾಲ್ ತಾಗಿದರೆ ಅದು ಕರಗುತ್ತದೆ. ಅವಕ್ಕೆ ಡಿಸ್ಟಿಲ್ಡ್ ವಾಟರ್ ಮತ್ತು ಒಂದು ಹನಿ ಲಿಕ್ವಿಡ್ ಮಾತ್ರ. ನೆನೆಸಿಡದೆ ಬೇಗ ಒರಸಿ ಒಣಗಿಸಿ. ಕೈ ಜಾರಿದರೆ ಒಡೆಯುತ್ತದೆ, ನೆಲಕ್ಕೆ ದಪ್ಪ ಬೆಡ್‌ಶೀಟ್ ಹಾಸಿ ಅದರ ಮೇಲೆ ಕೂತು ಮಾಡಿ. ಈಗಿನ ಸೂಜಿಯಲ್ಲಿ ಅವನ್ನು ಹಾಕಲೂಬೇಡಿ, ಅವುಗಳ ಗೆರೆ ಅಗಲ. 78ಕ್ಕೆಂದೇ ಬರುವ, ತುದಿ ದಪ್ಪಗಿರುವ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಸೂಜಿ ಬೇಕು.

ಬೆರಿಯಲ್ ತಟ್ಟೆಯ ಗೀರಿಗೆ ಮದ್ದಿಲ್ಲ. ಸೂಜಿ ಅಲ್ಲಿ ಸಿಕ್ಕಿಕೊಳ್ಳದೆ ಮುಂದೆ ಹೋಗುತ್ತದಾದರೆ ಹಾಗೇ ಬಿಡಿ, ಉಜ್ಜಿ ಕೆಡಿಸಬೇಡಿ.

ಆ ಯಕ್ಷಗಾನ ತಟ್ಟೆಗಳ ಲೇಬಲ್‌ಗಳ ಫೋಟೋ ಹಾಕುತ್ತೀರಾ? ಯಾವ ಭಾಗವತರು, ಯಾವ ಪ್ರಸಂಗ ಅಂತ ನೋಡಬೇಕು. ನಿಮ್ಮ ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲದಿದ್ದರೆ ನನ್ನದು ತರುತ್ತೇನೆ, ಶೆಲ್ಫ್ ಆದ ಮೇಲೆ ಹೇಳಿ.